ಅತ್ತೆಯ ನಗುವಿಗೊಂದು ಪ್ರಿಂಟರ್

"ಈ ಮನೆಯಲ್ಲಿ ನಾನಿರುವ ತನಕ, ಒಂದು ಫೋಟೋಗೋಸ್ಕರ ಯಾರೂ ಅಂಗಡಿ ಮೆಟ್ಟಿಲು ಹತ್ತಬೇಕಾಗಿಲ್ಲ!"

ಶನಿವಾರ ಬೆಳಿಗ್ಗೆ ಹೊಸ ಪ್ರಿಂಟರಿನ ಡಬ್ಬ ಹೊತ್ತು ಒಳಗೆ ಬರುತ್ತ ನಾನು ಹೊರಡಿಸಿದ ಘೋಷಣೆ ಇದು. ರಾಜ್ಯ ಗೆದ್ದು ಬಂದವನ ಧಾಟಿಯಲ್ಲೇ ಹೇಳಿದೆ. ತರಕಾರಿ ಹೆಚ್ಚುತ್ತಿದ್ದ ಹೆಂಡತಿ ತಲೆ ಎತ್ತಲಿಲ್ಲ.

"ರೀ, ಒಂದು ಪೆನ್ ಡ್ರೈವಿಗೆ ಹಾಕಿಕೊಡಿ ಸಾಕು. ನಾನೇ ಹೋಗಿ ಮಾಡಿಸ್ಕೊಂಡು ಬರ್ತೀನಿ."

"ನಿಮ್ಮಮ್ಮನ ಫೋಟೋನ ಯಾರೋ ಕಂಡೋರ ಕೈಗೆ ಕೊಡೋದಾ? ಅಳಿಯ ಅಂತ ನಾನೊಬ್ಬ ಯಾಕಿದ್ದೀನಿ ಮತ್ತೆ?"

"ಅದನ್ನೇ ಅಮ್ಮನೂ ಕೇಳ್ತಿದ್ಲು," ಅಂದಳು.

ಮರುದಿನಕ್ಕೆ ಅತ್ತೆ ತೀರಿಕೊಂಡು ಒಂದು ವರ್ಷ. ಭಾನುವಾರ ನೆಂಟರೆಲ್ಲ ಸೇರುವವರಿದ್ದರು. ಅಷ್ಟರೊಳಗೆ ಗೋಡೆ ಮೇಲೆ ಅವರ ಫೋಟೋ ಇರಬೇಕು, ಅದೂ ನಗುವ ಫೋಟೋವೇ ಆಗಬೇಕು ಅನ್ನೋದು ನನ್ನವಳ ಆಸೆ. ನಗುವ ಫೋಟೋ ಇದ್ದದ್ದು ಒಂದೇ ಒಂದು. ಅತ್ತೆಗೆ ಮುಂದಿನ ಹಲ್ಲು ಬಿದ್ದುಹೋಗಿತ್ತು. ಕ್ಯಾಮೆರಾ ಕಂಡರೆ ಸಾಕು, ಕೈ ಬಾಯಿಗೆ ಹೋಗೋದು. ಯಾವ ಫೋಟೋ ತೆಗೆದು ನೋಡಿದರೂ ಹಲ್ಲುನೋವಿನ ರೋಗಿ!

ಆ ಒಂದರಲ್ಲಿ ಮಾತ್ರ ಬಾಯಿ ತುಂಬ ನಕ್ಕಿದ್ದಾರೆ. ಕಾರಣ ಸಾಕ್ಷಾತ್ ನಾನು. ಅವತ್ತು ಪರದೆಯ ಕಂಬಿ ಹಾಕಲು ಸ್ಟೂಲ್ ಹತ್ತಿದ್ದೆ. ನಾನು ಯಾವ ರಿಪೇರಿಗೆ ಹತ್ತಿದರೂ ಅತ್ತೆ ಓಡಿ ಬಂದು ಸ್ಟೂಲ್ ಹಿಡಿಯುತ್ತಿದ್ದರು. "ಹತ್ತಿ ಅಳಿಯಂದಿರೇ, ನಾನು ಹಿಡ್ಕೊಂಡಿದ್ದೀನಿ." ಅವತ್ತೂ ಗಟ್ಟಿಯಾಗಿ ಹಿಡಿದಿದ್ದರು. ಸ್ಟೂಲ್ ಅಲ್ಲಾಡಲಿಲ್ಲ, ನಾನು ಬಿದ್ದೆ! ಕಂಬಿ, ಪರದೆ ಸಮೇತ! ಎರಡೂ ಕೈ ಸ್ಟೂಲಿನ ಮೇಲಿದ್ದದ್ದರಿಂದ ಬಾಯಿ ಮುಚ್ಚಿಕೊಳ್ಳಲು ಅವರಿಗೆ ಕೈ ಇರಲಿಲ್ಲ. ಗಂಡನನ್ನು ಎತ್ತುವ ಬದಲು ನನ್ನ ಹೆಂಡತಿ ಕ್ಯಾಮೆರಾ ಎತ್ತಿದಳು. ಆ ಕ್ಯಾಮೆರಾ ಕೆಟ್ಟು ಎಷ್ಟೋ ಕಾಲವಾಯಿತು. ಫೋಟೋ ಉಳಿದದ್ದು ಹಳೇ ಕಂಪ್ಯೂಟರಿನೊಳಗೆ ಮಾತ್ರ.

ಆ ಕಂಪ್ಯೂಟರೋ! ಕುಂಬಳಕಾಯಿಯಂಥ ಬೆನ್ನಿನ, ದಪ್ಪ ಗಾಜಿನ ಮಾನಿಟರು. ಗುಂಡಿ ಒತ್ತಿ ಸ್ನಾನ ಮುಗಿಸಿ ಬಂದರೂ ಅದಿನ್ನೂ ಆಕಳಿಸುತ್ತಲೇ ಇರುತ್ತದೆ. ಇಂಟರ್ನೆಟ್ ಸಹವಾಸ ಬಿಟ್ಟು ವರ್ಷಗಳಾಗಿವೆ. ವೈರು ಚುಚ್ಚುವ ತೂತುಗಳೆಲ್ಲ ಕೈಕೊಟ್ಟು, ಮುಂಭಾಗದ ಒಂದು ಮಾತ್ರ ಜೀವ ಹಿಡಿದುಕೊಂಡಿತ್ತು.

ಆ ಒಂದಕ್ಕೆ ಹೊಸ ಪ್ರಿಂಟರಿನ ವೈರು ಚುಚ್ಚಿದೆ. ಪ್ರಿಂಟರಿನ ಮೇಲೆ 'ಸಿದ್ಧ' ಅಂತ ಬಂತು. ಕಂಪ್ಯೂಟರಿನ ಮೇಲೆ 'ಗುರುತಿಲ್ಲದ ಸಾಧನ' ಅಂತ ಬಂತು. ಹುಡುಗ ರೆಡಿ ಅಂತಾನೆ, ಹುಡುಗಿ ನೀನ್ಯಾರು ಅಂತಾಳೆ! ಆರಿಸಿದೆ, ಹಚ್ಚಿದೆ, ಬೇಡಿಕೊಂಡೆ, ಬೈದೆ. ಜಪ್ಪಯ್ಯ ಅಂದರೂ ಸಂಬಂಧ ಕುದುರಲಿಲ್ಲ.

"ಗೊತ್ತಾಯ್ತು ಬಿಡು! ವೈರು ತಲೆಕೆಳಗಾಗಿದೆ."

"ಸರಿಯಾಗಿ ಕೂತಿದೆಯಲ್ಲ ರೀ."

"ಕೂತರಾಯ್ತಾ? ಮಾತಾಡಬೇಡ್ವಾ?"

ವೈರು ಕಿತ್ತು, ತಿರುಗಿಸಿ ತಳ್ಳಿದೆ. ಹೋಗಲಿಲ್ಲ. ಹೆಬ್ಬೆರಳಲ್ಲಿ ಒತ್ತಿದೆ. ಆಮೇಲೆ ಅಂಗೈ ಕೊಟ್ಟು ಗುದ್ದಿದೆ. ಲಟಕ್!

"ಹೋಯ್ತು ನೋಡು!" ಅಂದೆ.

ಹೋಗಿತ್ತು, ನಿಜ. ತೂತಿನೊಳಗಿನ ಪುಟ್ಟ ನಾಲಿಗೆ ಮುರಿದುಕೊಂಡು ಒಂದು ಪಕ್ಕಕ್ಕೆ ಹೋಗಿತ್ತು.

"ಈಗ ಪೆನ್ ಡ್ರೈವೂ ಹಾಕೋಕಾಗಲ್ವಾ?"

"...ಆಗಲ್ಲ."

ಅವಳು ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಬೈಯಲಿಲ್ಲ. ಕುರ್ಚಿ ಎಳೆದು ಕೂತು, ಆ ಫೋಟೋ ತೆರೆದು ನೋಡುತ್ತ ಕೂತಳು.

"ಅಮ್ಮನ ನಗು ನಂಗೆ ಮರೀತಾ ಇದೆ ರೀ. ಕಣ್ಣು ಮುಚ್ಚಿದ್ರೆ ಬರೀ ಆಸ್ಪತ್ರೇಲಿ ಮಲಗಿದ್ದ ಮುಖಾನೇ ಬರುತ್ತೆ. ಅದಕ್ಕೇ ಕೇಳಿದ್ದು ಇದನ್ನ."

ಆಗಲಾದರೂ ಕೈಕಟ್ಟಿ ಕೂರಬೇಕಿತ್ತು. ಸುಮ್ಮನೆ ಕೂತರೆ ನಾನು ನಾನಾಗುತ್ತೇನೆಯೇ! ಅವಳ ತಲೆಯಿಂದಲೇ ಒಂದು ಹೇರ್‌ಪಿನ್ ಕಿತ್ತುಕೊಂಡು, ಮುರಿದ ನಾಲಿಗೆ ನೆಟ್ಟಗೆ ಮಾಡಲು ಮೇಜಿನ ಪಕ್ಕ ಮಂಡಿಯೂರಿದೆ. ಕಂಪ್ಯೂಟರ್ ಆರಿಸಿ ಮಾಡಬೇಕು ಅನ್ನೋದು ಗೊತ್ತಿಲ್ಲದ್ದೇನಲ್ಲ. ಆರಿಸಿದರೆ ಮತ್ತೆ ಏಳುತ್ತೋ ಇಲ್ಲವೋ ಅಂತ ಹೆದರಿ, ಉರಿಯುತ್ತಿದ್ದಾಗಲೇ ಪಿನ್ನು ತೂರಿಸಿದೆ.

ಚಿಟ್ ಅಂತು! ಒಳಗಿನ ಫ್ಯಾನು ಕೀರಲು ದನಿಯಲ್ಲಿ ಕೂಗತೊಡಗಿತು. ಸುಟ್ಟ ವಾಸನೆ. ಗಾಜಿನ ಮೇಲೆ ಅತ್ತೆಯ ಮುಖ ಗಡಗಡ ನಡುಗಿತು.

"ರೀ! ಅಮ್ಮ ಹೋಗ್ತಾಳೆ!"

ಹಾಗಂದವಳೇ ಮೇಜಿನ ಮೇಲಿದ್ದ ಫೋನು ಎತ್ತಿಕೊಂಡು, ಓರೆಯಾಗಿ ನಿಂತು, ಮಾನಿಟರಿನ ಫೋಟೋ ತೆಗೆದಳು. ಒಂದೇ ಒಂದು. ಇನ್ನೊಂದಕ್ಕೆ ಬೆರಳೆತ್ತುವಷ್ಟರಲ್ಲಿ ಗಾಜು ಕಪ್ಪಾಯಿತು.

ಬೀದಿ ಕೊನೆಯ ರಿಪೇರಿಯವನು ಮಧ್ಯಾಹ್ನ ಬಂದು ಬಿಚ್ಚಿ ನೋಡಿ, ಮತ್ತೆ ಮುಚ್ಚಿದ. "ಡಿಸ್ಕೂ ಸುಟ್ಟಿದೆ ಸಾರ್. ವಯಸ್ಸಾಗಿತ್ತು, ಬಿಡಿ," ಅಂದ. ವರ್ಷದ ಹಿಂದೆ ಡಾಕ್ಟರೂ ಹೆಚ್ಚುಕಡಿಮೆ ಇದನ್ನೇ ಹೇಳಿದ್ದರು. ಅವತ್ತು ನನಗೆ ಅಳು ಬಂದಿರಲಿಲ್ಲ, ಇವತ್ತು ಬಂತು.

ಅವನು ಹೋದ ಮೇಲೆ ಹೆಂಡತಿ ಫೋನಿನಲ್ಲಿ ಏನೋ ಒತ್ತಿದಳು. ಪ್ರಿಂಟರು ಗುರ್ ಅಂದು, ಒಂದು ಹಾಳೆ ಹೊರಗೆ ಬಿಟ್ಟಿತು.

"ಇದಕ್ಕೆ ವೈರೇ ಬೇಕಿರಲಿಲ್ವಾ?"

"ಡಬ್ಬದ ಮೇಲೇ ಬರೆದಿದೆಯಲ್ಲ ರೀ."

ಹಾಳೆಯಲ್ಲಿ ಅತ್ತೆ ಬಾಯಿ ತುಂಬ ನಗುತ್ತಿದ್ದರು, ಹಲ್ಲಿಲ್ಲದ ಜಾಗವೂ ಕಾಣುವ ಹಾಗೆ. ಕೆಳಗೆ ಮೂಲೆಯಲ್ಲಿ ಇನ್ನೊಂದು ಮುಖವಿತ್ತು. ಗಾಜಿನಲ್ಲಿ ಬಿದ್ದ ನನ್ನ ಬಿಂಬ! ಕೈಯಲ್ಲಿ ಹೇರ್‌ಪಿನ್, ತೆರೆದ ಬಾಯಿ, ಹೆದರಿದ ಕಣ್ಣು.

"ಅಯ್ಯೋ, ನನ್ನನ್ನ ಕತ್ತರಿಸಿ ತೆಗೆದುಬಿಡು ಮಾರಾಯ್ತಿ!"

"ಬೇಡ, ಇರಲಿ. ನಿಮ್ಮನ್ನ ತೆಗೆದ್ರೆ ಅಮ್ಮ ಯಾಕೆ ನಗ್ತಿದ್ದಾಳೆ ಅಂತ ಬಂದೋರಿಗೆ ಏನು ಹೇಳ್ಲಿ?"

ಸಂಜೆ ಫ್ರೇಮು ಹಾಕಿಸಿ ತಂದೆವು. ಮೊಳೆ, ಸುತ್ತಿಗೆ ಹಿಡಿದು ಸ್ಟೂಲ್ ಹತ್ತಿರ ನಿಂತೆ. ಯಾಕೋ ಹತ್ತಲು ಕಾಲೇ ಬರಲಿಲ್ಲ. ಅಭ್ಯಾಸ ನೋಡಿ, ಯಾರೋ ಬರಲಿ ಅಂತ ಕಾಯುತ್ತಿದ್ದೆ. ಅತ್ತೆ ಇಲ್ಲ ಅನ್ನೋದು ಒಂದು ವರ್ಷವಾದ ಮೇಲೆ ಆಗ ನನಗೆ ಗೊತ್ತಾಯಿತು.

ಹೆಂಡತಿ ಅಡುಗೆಮನೆಯಿಂದ ಬಂದು ಬಗ್ಗಿ ಎರಡೂ ಕೈಯಲ್ಲಿ ಸ್ಟೂಲ್ ಹಿಡಿದಳು.

"ಹತ್ತಿ, ನಾನು ಹಿಡ್ಕೊಂಡಿದ್ದೀನಿ."

ಹತ್ತಿದೆ. ಮೊಳೆ ಹೊಡೆದು, ಫ್ರೇಮು ನೇತುಹಾಕಿ ಕೆಳಗೆ ನೋಡಿದರೆ ಅವಳ ಕಣ್ಣಿಂದ ನೀರು ದಳದಳ ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಇರಲಿಲ್ಲ.

"ಕೈ ಬಿಡು, ಕಣ್ಣು ಒರೆಸ್ಕೋ," ಅಂದೆ.

"ನೀವು ಮೊದಲು ನೆಟ್ಟಗೆ ಇಳೀರಿ," ಅಂದಳು. "ಈಗ ಬಿದ್ರೆ ನಗೋಕೂ ಯಾರೂ ಇಲ್ಲ."