ಕೋಲ್ಡ್ ಸ್ಟೋರೇಜಿನಲ್ಲಿ ಕಾಕಾನ ಹುಡುಗೂರು

ನಮ್ಮ ಕಾಕಾನಿಗೆ ಹುಚ್ಚು ಎಂದು ಯಾರಾದರೂ ಅಂದರೆ ನಾನು ಅವರ ಜೊತೆ ಜಗಳಕ್ಕೇ ನಿಲ್ಲುತ್ತೇನೆ. ಹುಚ್ಚಿಗೆ ಔಷಧಿಯಾದರೂ ಇದೆ! ಕಾಕಾನಿಗೆ ಹಿಡಿದಿದ್ದಕ್ಕೆ ಬ್ಯಾಡಗಿಯಿಂದ ಬೊಂಬಾಯಿಯವರೆಗೆ ಯಾವ ಡಾಕ್ಟರ ಬಳಿಯೂ ಔಷಧಿ ಇರಲಿಲ್ಲ.

ಕಾಕಾ ಅಂದರೆ ನನ್ನ ಅಪ್ಪನ ತಮ್ಮ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ಅವರದು. ಬಿಳಿ ಧೋತರ, ಬಿಳಿ ಟೊಪ್ಪಿಗೆ, ಹಣೆಯ ತುಂಬ ವಿಭೂತಿ. ಇಂಥ ಮನುಷ್ಯ ಒಂದು ಇಂಗ್ಲಿಷ್ ಬ್ಯಾಂಡಿಗೆ ಜೀವ ಕೊಟ್ಟು ಕೂತಿದ್ದರು ಎಂದರೆ ನೀವು ನಂಬುತ್ತೀರಾ? ನಾನೂ ನಂಬುತ್ತಿರಲಿಲ್ಲ. ಆದರೆ ಅದೇ ಬ್ಯಾಂಡಿನ ಸಲುವಾಗಿ ಮೊಪೆಡ್ಡಿನ ಮೇಲೆ ಲಾರಿಯ ಬೆನ್ನು ಹತ್ತಿದವಳು ನಾನೇ. ಇನ್ನು ನಂಬದೆ ಎಲ್ಲಿ ಹೋಗಲಿ!

ಎಂಬತ್ತರ ದಶಕದ ನಡುವೆ ಒಮ್ಮೆ ಕಾಕಾ ಮೆಣಸಿನಕಾಯಿ ಮಾದರಿಯ ಚೀಲ ಹಿಡಿದು ಬೊಂಬಾಯಿಗೆ ಹೋಗಿದ್ದರು. ಜೋರು ಮಳೆ ಬಂತು. ಫುಟ್‌ಪಾತಿನ ಕ್ಯಾಸೆಟ್ ಅಂಗಡಿಯ ತಾಡಪತ್ರಿಯ ಕೆಳಗೆ ನಿಂತರು. ಒಳಗೆ ಒಂದು ಹಾಡು ನಡೆದಿತ್ತಂತೆ. ಮಳೆ ನಿಂತಿತು, ಕಾಕಾ ನಿಂತೇ ಇದ್ದರು. ಅಂಗಡಿಯವನು ಗದರಿದ ಮೇಲೆ ಕ್ಯಾಸೆಟ್ ಕೊಂಡು ಹೊರಬಿದ್ದರು. ಆ ಕ್ಯಾಸೆಟ್ಟಿಗೆ ಹೊದಿಕೆಯೂ ಇಲ್ಲ, ಹೆಸರೂ ಇಲ್ಲ. ಹೀಗಾಗಿ ಆ ಬ್ಯಾಂಡಿನ ಹೆಸರು ಕಾಕಾನಿಗೆ ಯಾವತ್ತೂ ಗೊತ್ತಾಗಲಿಲ್ಲ. ಅವರ ಬಾಯಲ್ಲಿ ಅವರು ‘ನಮ್ಮ ಹುಡುಗೂರು’, ಅಷ್ಟೆ.

ಹಾಡು ಹೇಗಿತ್ತು ಅಂತೀರಾ? ಹಾಡುವವನು ನಿದ್ದೆಯಿಂದ ಎಬ್ಬಿಸಿದವನ ಹಾಗೆ ಗೊಣಗುತ್ತಾನೆ. ನಡುನಡುವೆ ಬಿಕ್ಕುತ್ತಾನೆ. ಹಿಂದೆ ಒಬ್ಬಳು ನಗಬಾರದ ಕಡೆ ನಗುತ್ತಾಳೆ. ಇದೆಲ್ಲದರ ಕೆಳಗೆ ಪೋಸ್ಟ್ ಆಫೀಸಿನ ತಂತಿ ಯಂತ್ರದಂಥ ‘ಟಕ್ ಟಕ್ ಟರಟಕ್’. ಚೆನ್ನಾಗಿ ಓಡುತ್ತಿದ್ದ ಹಾಡು ಕರೆಂಟು ಹೋದಂತೆ ಗಕ್ಕನೆ ನಿಂತುಬಿಡುತ್ತದೆ! ನಾನು ಇಂಗ್ಲಿಷ್ ಎಂ.ಎ. ಮಾಡಿ ಹಾವೇರಿಯ ಶಾಲೆಯಲ್ಲಿ ಮಕ್ಕಳಿಗೆ ಇಂಗ್ಲಿಷ್ ಕಲಿಸುವವಳು. ಕಾಕಾ ನನ್ನನ್ನು ಕೂಡಿಸಿ, “ತಂಗಿ, ಏನಂತಾನ ನೋಡು” ಅಂದರು. ಮೂರು ಸಲ ಕೇಳಿದರೂ ‘ಕಿಟಕಿ’ ಎಂಬ ಒಂದು ಶಬ್ದ ಬಿಟ್ಟು ಏನೂ ತಿಳಿಯಲಿಲ್ಲ. “ಇಷ್ಟ ಕಲಿಯಾಕ ಧಾರವಾಡಕ್ಕ ಹೋಗಿದ್ದೇನವಾ?” ಅಂದರು ಕಾಕಾ.

ಆಮೇಲೆ ನನ್ನ ಸಹೋದ್ಯೋಗಿಯೊಬ್ಬರ ತಮ್ಮ ಇದನ್ನು ಕೇಳಿ, “ಇದಕ್ಕ ನ್ಯೂ ವೇವ್ ಅಂತಾರ್ರಿ, ಈಗ ಹಳೇದಾತು, ಯಾರೂ ಕೇಳೂದಿಲ್ಲ” ಅಂದ. ಕಾಕಾನಿಗೆ ಹೇಳಿದೆ. ‘ಯಾರೂ ಕೇಳೂದಿಲ್ಲ’ ಎಂಬ ಮಾತು ಅವರಿಗೆ ಚುಚ್ಚಿತು. “ಯಾರೂ ಕೇಳೂದಿಲ್ಲ ಅಂದ್ರ ನಾವು ಯಾರು? ನಾವೂ ಕೈ ಬಿಟ್ರ ಆ ಹುಡುಗೂರಿಗೆ ಗತಿ ಯಾರವಾ?” ಅಂದರು.

‘ನಾವು’ ಅಂದರೆ ಮೂರು ಜನ. ಬ್ಯಾಡಗಿಯಲ್ಲಿ ಕಾಕಾ. ರಾಣೇಬೆನ್ನೂರಿನಲ್ಲಿ ಅವರ ಅಂಗಿ ಹೊಲಿಯುವ ಟೇಲರ್. ಹಾವೇರಿಯಲ್ಲಿ ಹೈವೇ ಪಕ್ಕದ ದವಾಖಾನೆಯ ಕಂಪೌಂಡರ್. ಈ ಮೂವರೂ ಭಾನುವಾರ ಕಾಕಾನ ಪಡಸಾಲೆಯಲ್ಲಿ ಸೇರಿ, ಕಣ್ಣು ಮುಚ್ಚಿ, ಪುರಾಣ ಕೇಳಿದ ಹಾಗೆ ಕೇಳುವರು. ಮೊದಲ ಹಾಡು ಸಂತೆಯಲ್ಲಿ ಚಪ್ಪಲಿ ಕಳಕೊಂಡವನದು ಎಂದು ಕಾಕಾ. ಅಲ್ಲ, ಹಬ್ಬ ಬಂದರೂ ಹೊಲಿಗೆ ಮುಗಿಯದವನದು ಎಂದು ಟೇಲರ್. ಬಿಕ್ಕಳಿಕೆಗೆ ಒಂದು ಗುಳಿಗೆ ಕೊಟ್ಟರೆ ಹಾಡೇ ಇರುತ್ತಿರಲಿಲ್ಲ ಎಂದು ಕಂಪೌಂಡರ್!

ಈ ಹುಡುಗೂರು ಕಾಕಾನ ಬೆರಳಿಗೂ ಇಳಿದಿದ್ದರು. ಒಮ್ಮೆ ಅಪ್ಪನಿಗಾಗಿ ಹಾವೇರಿ ದನದ ಸಂತೆಗೆ ಎತ್ತು ಕೊಳ್ಳಲು ಹೋದರು. ಅಲ್ಲಿ ವ್ಯಾಪಾರ ಬಾಯಲ್ಲಿ ನಡೆಯುವುದಿಲ್ಲ. ಟವೆಲ್ಲಿನ ಕೆಳಗೆ ಕೈ ಹಿಡಿದು ಬೆರಳು ಒತ್ತಿ ಬೆಲೆ ಹೇಳಬೇಕು. ಕಾಕಾನ ತಲೆಯಲ್ಲಿ ‘ಟಕ್ ಟಕ್ ಟರಟಕ್’ ನಡೆದಿತ್ತು. ಬೆರಳು ತಾಳ ಹಾಕಿದವು. ಒಂದೊಂದು ತಾಳಕ್ಕೂ ಎತ್ತಿನ ಬೆಲೆ ಏರಿತು! ಕೊಟ್ಟ ಮಾತು ಹಿಂದೆ ತೆಗೆದುಕೊಳ್ಳುವ ಮನುಷ್ಯನಲ್ಲ. ಜೋಡಿ ಎತ್ತಿನ ಬೆಲೆಗೆ ಒಂದೇ ಎತ್ತು ಹೊಡೆದುಕೊಂಡು ಬಂದರು. ನಮ್ಮ ಚಿಗವ್ವ, ಅಂದರೆ ಕಾಕಾನ ಹೆಂಡತಿ, ಎತ್ತಿಗೆ ಆರತಿ ಎತ್ತುತ್ತ, “ಇದಕ್ಕೂ ಬಿಕ್ಕೂದು ಕಲಸ್ರಿ, ಜೋಡಿ ಆಗ್ತಾವ” ಅಂದಳು.

ಚಿಗವ್ವನಿಗೆ ಆ ಬ್ಯಾಂಡು ಅಂದರೆ ಆಗುತ್ತಿರಲಿಲ್ಲ. ಕ್ಯಾಸೆಟ್ ಹಾಕಿದ ಕೂಡಲೆ ಅಡುಗೆಮನೆಯಲ್ಲಿ ಪಾತ್ರೆ ಸದ್ದು ಶುರು. “ಆ ಬಿಕ್ಕೋ ಮಂದಿ ಇರಬೇಕು, ಇಲ್ಲಾ ನಾ ಇರಬೇಕು. ತವರಮನಿಗೆ ಹೊಕ್ಕೇನಿ ನೋಡ್ರಿ!” ಎಂದು ಪ್ರತಿ ಭಾನುವಾರ ಅನ್ನುವಳು. ಕಾಕಾ ಪ್ರತಿ ಭಾನುವಾರ ದನಿ ಒಂದಿಷ್ಟು ಕಡಿಮೆ ಮಾಡುವರು.

ಆ ಕ್ಯಾಸೆಟ್ ಇದ್ದದ್ದು ಒಂದೇ. “ಇನ್ನೊಂದಕ್ಕ ತುಂಬಿಸಿ ಇಟ್ಕೋಬಾರದೇನ್ರಿ?” ಎಂದು ನಾನು ಕೇಳಿದ್ದೆ. “ನಕಲಿ ಸರಕು ನಮ್ಮ ಅಂಗಡ್ಯಾಗ ನಡ್ಯೂದಿಲ್ಲ” ಅಂದಿದ್ದರು. ಹೀಗಿರುವಾಗ ಒಂದು ಬೇಸಿಗೆ ಅಂಗಡಿಯ ಮೇಜಿನ ಮೇಲಿಟ್ಟ ಭಜನೆ ಕ್ಯಾಸೆಟ್ಟೊಂದು ಬಿಸಿಲಿಗೆ ಹಪ್ಪಳದಂತೆ ಸೊಟ್ಟಾಯಿತು. ಕಾಕಾ ಬೆವತು ಹೋದರು. ಹುಡುಗೂರಿಗೂ ಹೀಗೇ ಆದರೆ? ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಮುಖ ಅರಳಿತು. ಬೇಸಿಗೆಯಲ್ಲಿ ಮೆಣಸಿನಕಾಯಿಯ ಬಣ್ಣ ಮಾಸದಿರಲು ನಾವು ಏನು ಮಾಡುತ್ತೇವೆ? ಕೋಲ್ಡ್ ಸ್ಟೋರೇಜಿನಲ್ಲಿ ಇಡುತ್ತೇವೆ. “ಬಣ್ಣ ಮಾಸೂದಿಲ್ಲ ಅಂದ ಮ್ಯಾಲೆ ದನಿ ಹೆಂಗ ಮಾಸತೈತಿ?” ಅಂದರು ಕಾಕಾ. ಬ್ಯಾಡಗಿಯವರಿಗಲ್ಲದೆ ಇನ್ಯಾರಿಗೆ ಹೊಳೆಯಬೇಕು ಇದು!

ಕ್ಯಾಸೆಟ್ಟನ್ನು ಬಟ್ಟೆಯಲ್ಲಿ ಸುತ್ತಿ ಒಂದು ಚೀಲ ಮೆಣಸಿನಕಾಯಿಯ ನಡುವೆ ಮಲಗಿಸಿದರು. ಟೇಲರ್ ರಾಣೇಬೆನ್ನೂರಿನಿಂದ ಬಂದು ಚೀಲದ ಬಾಯನ್ನು ಹಸಿರು ದಾರದಲ್ಲಿ ಅಂಗಿಯ ಕಾಜಾ ಹೊಲಿದಂತೆ ಒತ್ತಾಗಿ ಹೊಲಿದ. ಚೀಲ ಕೋಲ್ಡ್ ಸ್ಟೋರೇಜ್ ಸೇರಿತು. ಬೇಸಿಗೆಯಿಡೀ ಮೂವರೂ ಹಾಡಿಲ್ಲದೆ ಒಣಗಿದರು.

ಮುಂಗಾರು ಬಿದ್ದ ಮೇಲೆ ಚೀಲ ಬಿಚ್ಚುವ ದಿನ ಬಂತು. ಟೇಲರ್ ಬಂದ. ನಾನೂ ಹಾವೇರಿಯಿಂದ ಮೊಪೆಡ್ ಮೇಲೆ ಬಂದಿದ್ದೆ. ಕಾಕಾ ಹೊಸ ಧೋತರ ಉಟ್ಟು ಗುಮಾಸ್ತನನ್ನು ಕರೆದು, “ಹಸಿರು ದಾರದ ಚೀಲ ತರಸು” ಅಂದರು.

ಗುಮಾಸ್ತ ಹಲ್ಲು ಬಿಟ್ಟ. “ರೇಟ್ ಭಾಳ ಚಲೋ ಬಂತ್ರಿ. ಎಲ್ಲಾ ಚೀಲ ಮಾರೀನಿ. ಬೊಂಬಾಯಿ ಲಾರಿ ಈಗರೆ ಹೋತ್ರಿ.”

ಕಾಕಾ ಕೂತಲ್ಲೇ ಕೂತರು. ಕ್ಯಾಸೆಟ್ ಹೋದರೆ ಬ್ಯಾಂಡೇ ಹೋಯಿತು; ಹೆಸರು ಗೊತ್ತಿದ್ದರಲ್ಲವೆ ಇನ್ನೊಂದು ತರಿಸುವುದು? ನಾನೇ ಫೋನೆತ್ತಿ ಕಂಪೌಂಡರಿಗೆ ಹಚ್ಚಿಕೊಟ್ಟೆ. ಕಾಕಾ ಫೋನಿನಲ್ಲಿ ಕೂಗಿದರು: “ಲಾರಿ ನಿಂದರಸ್ರೀ! ಹಸಿರು ಲಾರಿ, ಮುಂದ ನಿಂಬಿಹಣ್ಣ ಕಟ್ಟ್ಯಾರ!”

“ನಿಂಬಿಹಣ್ಣ ಎಲ್ಲಾ ಲಾರಿಗೂ ಇರ್ತಾವಲ್ರೀ!”

“ಹಂಗಾರ ಎಲ್ಲಾನೂ ನಿಂದರಸ್ರೀ!”

ಕಾಕಾ ನನ್ನ ಹಿಂದೆ ಕೂತರು. ಧೋತರ ಒಂದು ಕೈಯಲ್ಲಿ, ಟೊಪ್ಪಿಗೆ ಒಂದು ಕೈಯಲ್ಲಿ. ಹಾಗಾದರೆ ನನ್ನನ್ನು ಹಿಡಿದುಕೊಳ್ಳಲು ಕೈ ಎಲ್ಲಿ? ಪ್ರತಿ ತಗ್ಗಿಗೂ “ಯಪ್ಪಾ” ಅನ್ನುವರು. ಮೋಟೆಬೆನ್ನೂರಿನ ಹತ್ತಿರ ಹೈವೇ ಸೇರುವ ಹೊತ್ತಿಗೆ ಮಳೆ ಹತ್ತಿತು. ಏರು ಬಂದಲ್ಲಿ ಮೊಪೆಡ್ ಏದುಸಿರು ಬಿಟ್ಟಿತು. ನಾನು ಪೆಡಲ್ ತುಳಿದೆ, ಕಾಕಾ ಇಳಿದು ಹಿಂದಿನಿಂದ ನೂಕುತ್ತ ಓಡಿದರು. “ಲಗೂ ನಡಿ ತಂಗಿ, ಲಾರಿ ಬಂಕಾಪುರ ದಾಟಿದ್ರ ಮುಗೀತು!” ನನಗೋ ಸಿಟ್ಟು, ಅಳು ಎರಡೂ. ಒಂದು ಬಿಕ್ಕಳಿಕೆಯ ಹಾಡಿಗೆ ಇಷ್ಟೊಂದು ಪಾಡೆ? ತಿರುಗಿ ಬೈಯಬೇಕು ಅಂದುಕೊಂಡೆ. ಮಳೆಯಲ್ಲಿ ತೊಯ್ದ ಆ ಮುಖ ನೋಡಿ ಬಾಯಿ ಮುಚ್ಚಿಕೊಂಡು ತುಳಿದೆ.

ದವಾಖಾನೆಯ ಮುಂದೆ ಹಸಿರು ಲಾರಿ ನಿಂತಿತ್ತು! ಒಳಗೆ ಡ್ರೈವರ್ ಬೆಂಚಿನ ಮೇಲೆ ಮಲಗಿದ್ದಾನೆ, ಬಾಯಲ್ಲಿ ಥರ್ಮಾಮೀಟರ್. ಕಂಪೌಂಡರ್ ನಡು ರಸ್ತೆಯಲ್ಲಿ ಬಿಳಿ ಕೋಟು ಬೀಸಿ ನಿಲ್ಲಿಸಿ, “ದೂರದಿಂದನ ಕಂಡೆ, ನಿಮ್ಮ ಕಣ್ಣ ಹಳದಿ ಆಗ್ಯಾವ, ಕಾಮಣಿ ಇರಬೇಕು” ಎಂದು ಹೆದರಿಸಿ ಒಳಗೆ ತಂದಿದ್ದರು.

ಚೀಲ ಸಿಕ್ಕಿತು. ಹಸಿರು ದಾರ ಲಾರಿಯ ಹಿಂಬದಿಯಲ್ಲೇ ಕಾಣುತ್ತಿತ್ತು. “ಬಿಚ್ಚ್ರಿ ಕಾಕಾ!” ಅಂದೆ. ಕಾಕಾನ ಕೈ ದಾರದ ತನಕ ಹೋಗಿ ಹಿಂದೆ ಸರಿಯಿತು.

“ತೂಕ ಆಗಿ ಮಾರಿದ ಚೀಲ, ತಂಗಿ. ಇದರ ಬಾಯಿ ಬಿಚ್ಚೂ ಹಕ್ಕ ನನಗಿಲ್ಲ. ದಾರೀ ಮ್ಯಾಗ ಚೀಲ ಬಿಚ್ಚಿದಾ ಅಂದ್ರ ಪ್ಯಾಟ್ಯಾಗ ನನ್ನ ಮಾತಿಗೆ ಏನ ಉಳೀತು?”

“ಹಂಗಾರ ಹುಡುಗೂರು?”

ಕಾಕಾ ಚೀಲದ ಮೇಲೆ ಕೈಯಿಟ್ಟು ನಿಂತರು.

ದೇವರ ದಯೆ, ಗುಮಾಸ್ತನಿಗೆ ಬುದ್ಧಿ ತಡವಾಗಿಯಾದರೂ ಬರುತ್ತಿತ್ತು. ಚೀಲಕ್ಕೆ ಚೀಲ ಬದಲಿ ಕೊಟ್ಟರಾಯಿತೆಂದು ಪಕ್ಕದ ಅಂಗಡಿಯಿಂದ ಅದೇ ತೂಕದ, ಅದೇ ಮಾಲಿನ ಇನ್ನೊಂದು ಚೀಲ ತಂದು ಹೇರಿಸಿ, ಟೇಲರನನ್ನು ಟೆಂಪೋದಲ್ಲಿ ಕಳಿಸುತ್ತೇನೆಂದು ದವಾಖಾನೆಗೆ ಫೋನು ಮಾಡಿದ. ಅದು ಬರುವ ತನಕ ಡ್ರೈವರನನ್ನು ಹಿಡಿಯುವುದು ಹೇಗೆ? ಅವನು ಥರ್ಮಾಮೀಟರ್ ಉಗುಳಿ ಎದ್ದ. “ಜ್ವರ ಇಲ್ಲಲ್ರೀ, ನಾ ಹೊಂಟೆ!”

“ಜ್ವರ ಇಲ್ಲಾಂದ್ರನ ಡೇಂಜರ್” ಅಂದರು ಕಂಪೌಂಡರ್. “ನಾಲಿಗಿ ತಗೀರಿ. ಇನ್ನೂ ತಗೀರಿ. ಆ ಅನ್ರಿ.” ಡ್ರೈವರ್ ಆ ಅನ್ನುತ್ತಲೇ ಇದ್ದ. ಕಾಕಾ ಬಾಗಿಲಲ್ಲಿ ನಿಂತು ಬ್ಯಾಡಗಿಯ ಕಡೆಯ ರಸ್ತೆ ನೋಡುತ್ತಲೇ ಇದ್ದರು. ಒಂದೊಂದು ಗಾಡಿಯ ಸಪ್ಪಳಕ್ಕೂ ಕತ್ತು ಉದ್ದವಾಗುವುದು, ಮತ್ತೆ ಕುಗ್ಗುವುದು. ಕೊನೆಗೂ ಟೆಂಪೋ ಬಂತು! ಡ್ರೈವರನಿಗೆ ಕಾಕಾ ನಡೆದದ್ದನ್ನು ಇದ್ದ ಹಾಗೇ ಹೇಳಿದರು. ಅವನು ಬೈಯಬೇಕೋ ನಗಬೇಕೋ ತಿಳಿಯದೆ, “ಒಟ್ಟ ನನಗ ಕಾಮಣಿ ಆಗಿಲ್ಲ ಹೌದಿಲ್ರೀ?” ಎಂದು ಕೇಳಿ, ಚೀಲ ಬದಲಿಸಿಕೊಂಡು ಹೊರಟುಹೋದ.

ಸಂಜೆಯ ಹೊತ್ತಿಗೆ ಕಾಕಾನ ಪಡಸಾಲೆಯಲ್ಲಿ ಚೀಲ ಬಿಚ್ಚಿದೆವು. ಕಂಪೌಂಡರ್ ರಜೆ ಹಾಕಿ ಟೆಂಪೋ ಹತ್ತಿ ಬಂದಿದ್ದರು. ಕ್ಯಾಸೆಟ್ ತಣ್ಣಗೆ, ಘಮಘಮ ವಾಸನೆ ಹೊಡೆಯುತ್ತ ಹೊರಬಂತು. ಕಾಕಾ ಅದನ್ನು ಒರೆಸಿ, ಹಣೆಗೆ ಒತ್ತಿಕೊಂಡು ಟೇಪ್‌ರೆಕಾರ್ಡರಿಗೆ ಹಾಕಿದರು. ಗುಂಡಿ ಒತ್ತಿದರು. ‘ಟಕ್ ಟಕ್’ ಅಂದಿತು. ಮೂವರ ಮುಖವೂ ಬೆಳಗಿತು. ಆಮೇಲೆ ‘ಟರ್ರ್’ ಎಂದು ಎಳೆಯಿತು. ಆಮೇಲೆ ‘ಚಟ್’.

ಬೇಸಿಗೆಯಿಡೀ ಥಂಡಿಯಲ್ಲಿ ಕೂತ ಟೇಪಿನ ಸುತ್ತುಗಳು ಒಂದಕ್ಕೊಂದು ಅಂಟಿಬಿಟ್ಟಿದ್ದವು. ಎಳೆದ ಕಡೆಯೆಲ್ಲ ಹರಿಯಿತು. ಟೇಲರ್ ಬೆರಳ ತುದಿಯಿಂದ ಬಿಡಿಸಲು ನೋಡಿದ. ಚೂರು ಚೂರಾಗಿ ಕೈಗೆ ಬಂತು. ಕಾಕಾ ಟೊಪ್ಪಿಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. “ಉಳಸ್ತೇನಿ ಅಂತ ಹೋಗಿ ನಾನ ಕೊಂದೆ” ಅಂದರು. ನಾನು ಹುಟ್ಟಿದಾಗಿನಿಂದ ಕಾಕಾನ ದನಿ ಅಷ್ಟು ಸಣ್ಣದಾಗಿದ್ದು ಕೇಳಿರಲಿಲ್ಲ.

ಟೇಲರ್ ಒಂದು ಸಾಲು ಗುನುಗಲು ನೋಡಿ ತಪ್ಪಿದ. ಕಂಪೌಂಡರಿಗೂ ಬರಲಿಲ್ಲ. ಕಣ್ಣು ಮುಚ್ಚಿ ಕೇಳಿದವರೇ ಹೊರತು ಯಾರೂ ಕಲಿತವರಲ್ಲ.

ಆಗ ಅಡುಗೆಮನೆಯಲ್ಲಿ ಮೆಣಸಿನಕಾಯಿ ಕುಟ್ಟುವ ಒರಳಿನ ಸದ್ದು ಶುರುವಾಯಿತು. ಟಕ್ ಟಕ್ ಟರಟಕ್. ನಾವು ತಲೆ ಎತ್ತಿದೆವು. ಅದರ ಮೇಲೆ ಚಿಗವ್ವನ ದನಿ. ನಿದ್ದೆಯಿಂದ ಎದ್ದವಳ ಹಾಗೆ ಗೊಣಗಾಟ. ಯಾವ ಭಾಷೆಯದೂ ಅಲ್ಲದ ಶಬ್ದಗಳು, ಆದರೆ ಒಂದೂ ತಪ್ಪಿಲ್ಲ! ಬಿಕ್ಕುವಲ್ಲಿ ಬಿಕ್ಕಿದಳು. ನಗಬಾರದ ಕಡೆ ನಕ್ಕಳು. ಟೇಪು ಹಳೆಯದಾಗಿ ದನಿ ಜೋಲಿ ಹೊಡೆಯುತ್ತಿದ್ದಲ್ಲಿ ತಾನೂ ಜೋಲಿ ಹೊಡೆದಳು. ಕರೆಂಟು ಹೋದಂತೆ ಗಕ್ಕನೆ ನಿಂತಳು. ಮತ್ತೆ ಎರಡನೆಯ ಹಾಡು ಹಿಡಿದಳು, ಮೂರನೆಯದು ಹಿಡಿದಳು.

ಕಾಕಾ ಎದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. “ಏ, ನಿನಗ... ಇದೆಲ್ಲಾ ಹೆಂಗ ಬಂತು?”

“ಇಷ್ಟ ವರ್ಷ ನೀವು ಕೇಳೂ ಮುಂದ ನನ್ನ ಕಿವಿ ಏನ ತವರಮನ್ಯಾಗ ಇಟ್ಟಿದ್ದೆನ?” ಅಂದಳು ಚಿಗವ್ವ, ತಲೆ ಎತ್ತದೆ. “ಅಡ್ಡ ಬರಬ್ಯಾಡ್ರಿ. ಇನ್ನೂ ಒಂದ ಐತಿ.”

ಕಾಕಾ ಹೊಸ್ತಿಲ ಮೇಲೆ ಕೂತುಬಿಟ್ಟರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. “ಮೆಣಸಿನಕಾಯಿ ಘಾಟು” ಅಂದರು ನನ್ನ ಕಡೆ ತಿರುಗಿ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣವೇ ಹೊರತು ಅಂಥ ಖಾರವಿಲ್ಲ ಎಂದು ಬೊಂಬಾಯಿಯ ತನಕ ಸಾರಿಕೊಂಡು ಬಂದವರು ಅವರೇ!

ಕೊನೆಯ ಹಾಡು ಮುಗಿಯಿತು. ಚಿಗವ್ವ ಸ್ವಲ್ಪ ಹೊತ್ತು ‘ಸ್ಸ್ಸ್’ ಎಂದು ಖಾಲಿ ಟೇಪು ಓಡಿಸಿ, ಬಾಯಲ್ಲೇ ‘ಖಟ್’ ಎಂದು ಗುಂಡಿ ಎತ್ತಿದಳು. ಒರಳಿನ ಪುಡಿಯನ್ನು ಬೆರಳಲ್ಲಿ ಬಳಿಯುತ್ತ ಅಂದಳು:

“ಇದು ಕ್ಯಾಸೆಟ್ಟಿನ ಈ ಬಾಜು. ಆ ಬಾಜು, ರೊಟ್ಟಿ ಬಡದ ಮ್ಯಾಲೆ. ಎಲ್ಲಾರೂ ಉಂಡ ಹೋಗ್ರಿ.”