ಭಾವ ಇನ್ನೂ ಇಳಿಯಲಿಲ್ಲ

ನನ್ನ ಸೋದರಮಾವನಷ್ಟು ಗುಟ್ಟು ಕಾಪಾಡುವವರು ಇಡೀ ಬಂಟ್ವಾಳ ತಾಲೂಕಿನಲ್ಲಿ ಇನ್ನೊಬ್ಬರಿಲ್ಲ. ಅವರ ಗುಟ್ಟು ಗೊತ್ತಿಲ್ಲದವರೂ ಇಡೀ ತಾಲೂಕಿನಲ್ಲಿ ಒಬ್ಬರಿಲ್ಲ! ಅರುವತ್ತೆಂಟನೆಯ ವಯಸ್ಸಿನಲ್ಲಿ ಮನುಷ್ಯ ಯಾರಿಗೂ ಹೇಳದೆ ಮಂಗಳೂರಿಗೆ ಹೋಗಿ, ಕಣ್ಣಿನ ಕೆಳಗೆ ಜೋತುಬಿದ್ದಿದ್ದ ಎರಡು ಚೀಲಗಳನ್ನು ಆಪರೇಷನ್ ಮಾಡಿಸಿ ತೆಗೆಸಿಕೊಂಡು ಬಂದರು. ಮೋಡ ಕವಿದ ಸಂಜೆ ಕೂಲಿಂಗ್ ಗ್ಲಾಸ್ ಹಾಕಿಕೊಂಡು ರಿಕ್ಷಾದಿಂದ ಇಳಿದು, ಕೇಳಿದವರಿಗೂ ಕೇಳದವರಿಗೂ "ಬಚ್ಚಲಲ್ಲಿ ಜಾರಿದ್ದು" ಎಂದರು. ಬಚ್ಚಲಲ್ಲಿ ಜಾರಿ ಬಿದ್ದವರಿಗೆ ಎರಡೂ ಕಣ್ಣಿನ ಕೆಳಗೆ ಅಳತೆ ಹಿಡಿದ ಹಾಗೆ ಗಾಯವಾಗುತ್ತದೆಯೇ? ನಮ್ಮ ಊರಿನವರು ದಡ್ಡರೇ?

ಆ ಚೀಲಗಳ ಬಗ್ಗೆ ಎರಡು ಮಾತು ಹೇಳಬೇಕು. ಅವು ನಮ್ಮ ಅಜ್ಜನ ಆಸ್ತಿ. ಅಜ್ಜ ಬಿಟ್ಟುಹೋದ ಗದ್ದೆ ಪಾಲಾಯಿತು, ಹಂಡೆ ಚರಿಗೆ ಪಾಲಾಯಿತು, ಕಣ್ಣಿನ ಚೀಲ ಮಾತ್ರ ಪೂರ್ತಿಯಾಗಿ ಮಾವನಿಗೇ ಬಂತು. ಅವರ ಮನೆಯ ಗೋಡೆಯಲ್ಲಿ ಅಜ್ಜನ ದೊಡ್ಡ ಫೋಟೋ ಉಂಟು. ಮಾವ ಅದರ ಕೆಳಗೆ ಕೂತರೆ, ತೀರಿಹೋದವರು ಯಾರು, ಇರುವವರು ಯಾರು ಎಂದು ತಿಳಿಯಲು ಮಾಲೆ ಯಾರ ಕೊರಳಲ್ಲಿದೆ ಎಂದು ನೋಡಬೇಕಿತ್ತು!

"ಇಷ್ಟು ವರ್ಷ ಹೊತ್ತದ್ದು ಈಗ ಯಾಕೆ ಭಾರ ಆಯ್ತು ಮಾವ?" ಎಂದು ಕೇಳಿದೆ.

"ನಿನ್ನ ಅತ್ತೆ ಬರುವುದರ ಒಳಗೆ ಮುಖ ಸರಿಯಾಗಬೇಕು" ಎಂದರು. ಅದೊಂದೇ ಉತ್ತರ. ಎಷ್ಟು ಸಲ ಕೇಳಿದರೂ ಅದೇ.

ಅತ್ತೆಯನ್ನು ಮಗಳು ಮಸ್ಕತ್ತಿಗೆ ಕರೆದುಕೊಂಡು ಹೋಗಿದ್ದಳು. ಮೂರು ವಾರ ಬಿಟ್ಟು ಬರುವುದು. ಅಷ್ಟರಲ್ಲಿ ಬಾವು ಇಳಿಯಬೇಕು, ನೀಲಿಗಟ್ಟಿದ್ದು ಮಾಸಬೇಕು, ಮಾವ ಹೊಸ ಮುಖ ಹೊತ್ತು ಬಾಗಿಲಲ್ಲಿ ನಿಲ್ಲಬೇಕು. ನಲವತ್ತು ವರ್ಷ ಸಂಸಾರ ಮಾಡಿದ ಹೆಂಡತಿಯ ಮುಂದೆ ಮದುಮಗನಾಗುವ ಈ ಚಪಲಕ್ಕೆ ಏನೆನ್ನಬೇಕು? ಅದೂ ಅಂಥ ಹೆಂಡತಿ! ಅತ್ತೆಗೆ ಈಚೆಗೆ ಸ್ವಲ್ಪ ಮರೆವು, ನನ್ನನ್ನು ನನ್ನ ಅಮ್ಮನ ಹೆಸರಿನಿಂದ ಕರೆಯುತ್ತಾರೆ. ಆದರೆ ಗಂಡನ ಮೇಲಿನ ಮರ್ಯಾದೆ ಮಾತ್ರ ದಿನದಿಂದ ದಿನಕ್ಕೆ ಹೆಚ್ಚುತ್ತಿತ್ತು. ಮಾವ ಒಳಗೆ ಕಾಲಿಟ್ಟರೆ ಸಾಕು, ಸೆರಗು ಸರಿಮಾಡಿಕೊಂಡು ಕುರ್ಚಿಯಿಂದ ಎದ್ದು ನಿಲ್ಲುತ್ತಿದ್ದರು. "ಎಂತ ಅತ್ತೆ, ಮುಂಬೈಯಲ್ಲಿ ಇವರು ಹೋಟೆಲು ನಡೆಸುವಾಗ ಇವರನ್ನೇ ನಡೆಸಿದ್ದು ನೀವು. ಈಗ ಎದ್ದು ನಿಲ್ಲುವುದಾ?" ಎಂದು ನಾನು ನಗಾಡಿದ್ದೆ. ಅತ್ತೆ ನಗಲಿಲ್ಲ. ಮಾವ ಹೊರಗೆ ಹೋಗಿ ಸುಮ್ಮನೆ ಚಪ್ಪಲಿ ಜೋಡಿಸುತ್ತಾ ಕೂತರು.

ನನ್ನದು ಮೂಡುಬಿದಿರೆಯಲ್ಲಿ ಒಂದು ಸಣ್ಣ ಮೆಡಿಕಲ್ ಶಾಪ್. ಮಂಗಳೂರಿನ ಡಾಕ್ಟರು ಬರೆದುಕೊಟ್ಟ ಮಾತ್ರೆಗಳನ್ನು ನಾನೇ ಕಟ್ಟಿಕೊಂಡು ಹೋಗಿ ಕೊಟ್ಟೆ. ಮಾವ ಆ ಪೊಟ್ಟಣವನ್ನು ಎರಡೇ ಬೆರಳಲ್ಲಿ ಹಿಡಿದು ಕಿಟಕಿಯ ಮೇಲಿಟ್ಟರು.

"ನಿನ್ನದೆಲ್ಲ ಕೆಮಿಕಲ್ ಮಾರಾಯ್ತಿ. ನಾನು ನೈಸರ್ಗಿಕದಲ್ಲೇ ಇಳಿಸ್ತೇನೆ."

ಅವರ ಮೇಜು ನೋಡಿದೆ. ದೇವರೇ! ಆನ್‌ಲೈನಿನಲ್ಲಿ ತರಿಸಿದ ಹನ್ನೊಂದು ಡಬ್ಬಿಗಳು ಸಾಲಾಗಿ ನಿಂತಿದ್ದವು. ಅರಸಿನದ ಸತ್ವದ ಕ್ಯಾಪ್ಸೂಲು, ಅನಾನಸಿನ ಸತ್ವದ ಕ್ಯಾಪ್ಸೂಲು, ಬೆಳ್ಳುಳ್ಳಿ ಎಣ್ಣೆಯ ಗುಳಿಗೆ, ಯಾವುದೋ ಪರದೇಶದ ಹೂವಿನ ಮುಲಾಮು, ಚೀನಾದ ಯಾವುದೋ ಮರದ ಎಲೆಯ ಪುಡಿ. ಎಲ್ಲದರ ಮೇಲೂ ಒಂದು ಹಸಿರು ಎಲೆಯ ಚಿತ್ರ, 'ನೂರಕ್ಕೆ ನೂರು ನೈಸರ್ಗಿಕ' ಎಂಬ ಅಭಯ.

"ಪ್ರಾಣ ತೆಗೆಯುವ ಕಾಸರಕನ ಕಾಯಿಯೂ ನೂರಕ್ಕೆ ನೂರು ನೈಸರ್ಗಿಕವೇ ಮಾವ. ಎರಡು ತಂದುಕೊಡುವುದಾ?"

"ನಿನಗೆ ವ್ಯಾಪಾರ ಹೋಗ್ತದೆ ಅಂತ ಹೊಟ್ಟೆಕಿಚ್ಚು" ಎಂದರು ಮಾವ, ಬೆಳ್ಳುಳ್ಳಿ ತೇಗುತ್ತಾ.

ಇಷ್ಟರಲ್ಲೇ ನಿಂತಿದ್ದರೆ ಚೆನ್ನಾಗಿತ್ತು. ಬೆಳ್ತಂಗಡಿಯ ನಾಟಿ ವೈದ್ಯರೊಬ್ಬರು ಯಾವುದೋ ಬೇರು ತೇದು ಹಚ್ಚಲು ಕೊಟ್ಟರು. ಅದರ ಬಣ್ಣ ಕಪ್ಪು. ಅರಸಿನ ಹಳದಿ. ಕಣ್ಣಿನ ಕೆಳಗೆ ಮೊದಲೇ ನೀಲಿ. ಒಂದು ಸಂಜೆ ಮಾವ ಅಂಗಳದಲ್ಲಿ ನಿಂತಿದ್ದಾಗ ಪಕ್ಕದ ಮನೆಯ ಸಾಹೇಬರು ಬೇಲಿಯಾಚೆಯಿಂದ ನೋಡಿ, ಬಹಳ ಗೌರವದಿಂದ "ಯಾವ ಯಕ್ಷಗಾನ ಮೇಳದಲ್ಲಿ ವೇಷ ಕಾಕಾ?" ಎಂದು ಕೇಳಿದರಂತೆ! ಅಲ್ಲಿಂದ ಮಾವ ಅಂಗಳಕ್ಕೆ ಇಳಿಯುವುದನ್ನು ಬಿಟ್ಟರು.

ಹತ್ತನೆಯ ದಿನ ಬಾವು ಇಳಿಯುವುದಿರಲಿ, ಇನ್ನೂ ಏರಿತು. ನಾನೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ಡಬ್ಬಿಗಳ ಪಟ್ಟಿ ಓದಿ ಕನ್ನಡಕ ತೆಗೆದರು.

"ಆಪರೇಷನಿಗೆ ಎರಡು ವಾರ ಮೊದಲಿಂದ ಗಾಯ ಒಣಗುವವರೆಗೂ ಇಂಥದ್ದನ್ನೆಲ್ಲ ನಿಲ್ಲಿಸಬೇಕು ಅಂತ ಬರೆದು ಕೊಟ್ಟಿದ್ದೆನಲ್ಲ? ಈ ಬೆಳ್ಳುಳ್ಳಿ ಗುಳಿಗೆ, ಈ ಎಲೆಪುಡಿ, ಇವು ರಕ್ತ ಬೇಗ ಹೆಪ್ಪುಗಟ್ಟದ ಹಾಗೆ ಮಾಡ್ತವೆ. ಒಳಗೆ ರಕ್ತ ಒಸರುತ್ತಾ ಇದ್ರೆ ನೀಲಿಗಟ್ಟದೆ ಇನ್ನೇನು?"

"ನೀವು ಬರೆದದ್ದು ಮದ್ದು ನಿಲ್ಲಿಸಿ ಅಂತ ಡಾಕ್ಟರೇ" ಎಂದರು ಮಾವ. "ಇದು ಮದ್ದಲ್ಲ, ಸೊಪ್ಪು."

ಡಾಕ್ಟರು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ.

ಎರಡು ಡಬ್ಬಿಗಳು ಕಸದ ಬುಟ್ಟಿಗೆ ಹೋದವು. ಆದರೆ ಅನಾನಸು ತಿಂದರೆ ಬಾವು ಇಳಿಯುತ್ತದೆಂದು ಮಾವ ಎಲ್ಲೋ ಓದಿದ್ದರಲ್ಲ! ಕ್ಯಾಪ್ಸೂಲು ಸಾಲದಿದ್ದರೆ ಹಣ್ಣೇ ತಿನ್ನುವ ಎಂದು ಹೊರಟರು. ಬೆಳ್ತಂಗಡಿಯಲ್ಲಿ ನನ್ನ ಅಪ್ಪ ರಬ್ಬರಿನ ಸಾಲುಗಳ ನಡುವೆ ಅನಾನಸು ಹಾಕಿದ್ದಾರೆ. ಅವರಿಗೆ ಅಪ್ಪಣೆ ಹೋಯಿತು. ಅಪ್ಪ ಒಂದು ಗೋಣಿ ಹಣ್ಣು ಹೊತ್ತುಕೊಂಡು ಬೆಳಗ್ಗಿನ ಬಸ್ಸು ಹತ್ತಿದರು.

ಇಲ್ಲಿ ಇನ್ನೊಂದು ವಿಷಯ ಹೇಳಬೇಕು. ಮನೆಯಲ್ಲಿ ನಮ್ಮದೆಲ್ಲ ತುಳು. ಆದರೆ ಮಾವನ ಮೊಬೈಲಿಗೆ ತುಳು ಅರ್ಥವಾಗುವುದಿಲ್ಲ. ಕಣ್ಣು ಬಾತು ಅಕ್ಷರ ಕಾಣದ ಕಾರಣ ಮಾವ ಮೊಬೈಲಿಗೆ ಬಾಯಲ್ಲೇ ಹೇಳಿ ಬರೆಸುತ್ತಿದ್ದರು, ಅದೂ ಶಾಲೆಯಲ್ಲಿ ಕಲಿತ ಶುದ್ಧ ಕನ್ನಡದಲ್ಲಿ. ಅವರು 'ಬಾವು' ಎಂದದ್ದು ಆ ಯಂತ್ರಕ್ಕೆ 'ಭಾವ' ಎಂದು ಕೇಳಿತು. ಮಾವನಿಗೆ ಭಾವ ಎಂದರೆ ಒಬ್ಬರೇ, ಅಕ್ಕನ ಗಂಡ. ಅಂದರೆ ನನ್ನ ಅಪ್ಪ!

ಕುಟುಂಬದ ವಾಟ್ಸಾಪ್ ಗುಂಪಿಗೆ ಮಧ್ಯಾಹ್ನ ಬಂದ ಸಂದೇಶ ಇದು:

"ಭಾವ ಇನ್ನೂ ಇಳಿಯಲಿಲ್ಲ. ಕೆಂಪಾಗಿ ದಪ್ಪವಾಗಿದೆ. ಒತ್ತಿದರೆ ನೋವು. ಅನಾನಸು ಕೊಟ್ಟರೂ ಪ್ರಯೋಜನವಿಲ್ಲ. ಇನ್ನು ನಾಲ್ಕು ದಿನ ಹೀಗೆಯೇ ಇರಬಹುದು. ಯಾರೂ ಗಾಬರಿಯಾಗಬಾರದು."

ಯಾರು ಗಾಬರಿಯಾಗದೆ ಇರುತ್ತಾರೆ? ಅಮ್ಮ ನನಗೆ ಫೋನು ಮಾಡಿ ಅಳಲು ಶುರುಮಾಡಿದರು. "ಅಪ್ಪ ಬಸ್ಸಿಂದ ಇಳಿಯಲಿಲ್ಲವಂತೆ! ನಾಲ್ಕು ದಿನ ಅದರಲ್ಲೇ ಇರ್ತಾರಂತೆ! ಯಾರೋ ಎಲ್ಲಿಗೋ ಒತ್ತಿದ್ದಾರಂತೆ!" ಗುಂಪಿನಲ್ಲಿ ಒಬ್ಬರು "ಕಂಡಕ್ಟರಿಗೆ ಹೇಳಿ ಇಳಿಸಿ" ಎಂದರು. ನಾರಾವಿಯ ದೊಡ್ಡಮ್ಮ "ಸಿಟ್ಟು ಬಂದರೆ ಅವರು ಮೊದಲಿಂದಲೂ ಹಾಗೆಯೇ, ಕೆಂಪಾಗುವುದು" ಎಂದರು. ಅಪ್ಪನಿಗೆ ಫೋನು ಮಾಡಿದರೆ ರಿಂಗ್ ಆಗುತ್ತದೆ, ಎತ್ತುವವರಿಲ್ಲ. ನಾನು ಅಂಗಡಿಗೆ ಬೀಗ ಹಾಕಿ ಸ್ಕೂಟರು ಹತ್ತಿದೆ. ಸಿದ್ಧಕಟ್ಟೆ ದಾಟುವವರೆಗೆ ದಾರಿಯಲ್ಲಿ ಕಂಡ ಬಸ್ಸುಗಳ ಕಿಟಕಿಗಳಲ್ಲೆಲ್ಲ ಅಪ್ಪನನ್ನು ಹುಡುಕಿದ್ದು ನನಗೆ ಮಾತ್ರ ಗೊತ್ತು.

ಹೋಗಿ ನೋಡಿದರೆ ಅಪ್ಪ ಮಾವನ ಜಗಲಿಯಲ್ಲಿ ಕಾಲು ಚಾಚಿ ಕೂತು ಅನಾನಸು ತಿನ್ನುತ್ತಿದ್ದಾರೆ! ಅವರ ಫೋನು ಗೋಣಿಯ ಅಡಿಯಲ್ಲಿ ಹಣ್ಣುಗಳ ನಡುವೆ ಬೊಬ್ಬೆ ಹೊಡೆಯುತ್ತಿತ್ತು. ಮಾವ ಪಕ್ಕದಲ್ಲಿ, ಹುಳಿಗೆ ನಾಲಗೆ ಒಡೆದು, ಮಾತಾಡಲಾರದೆ ಕೂತಿದ್ದರು.

ಅಪ್ಪ ಮಾವನ ಕಣ್ಣು ನೋಡಿ ನಗಾಡಿದರು. ನಮ್ಮಲ್ಲಿ ಹೆಂಡತಿಯ ತಮ್ಮನೂ ಭಾವನೇ. "ಎಂತ ಭಾವ, ಹೊಸ ಮದುವೆಯಲ್ಲಿ ಸಿನಿಮಾಕ್ಕೆ ಹೋಗಿ ಬಂದಾಗಲೂ ನಿಮ್ಮ ಕಣ್ಣು ಹೀಗೇ ಇತ್ತಲ್ಲ! ಆಗ ಹೊಡೆಯಲಿಕ್ಕೆ ನಿಮ್ಮ ಅಪ್ಪ ಇದ್ರು. ಈಗ ಯಾರು?"

ಅದು ನಮ್ಮ ಕುಟುಂಬದ ಹಳೆಯ ಕತೆ. ಮದುವೆಯಾದ ಹೊಸತರಲ್ಲಿ ಮಾವ ದೇವಸ್ಥಾನಕ್ಕೆಂದು ಸುಳ್ಳು ಹೇಳಿ ಅತ್ತೆಯನ್ನು ಮಂಗಳೂರಿಗೆ ಸಿನಿಮಾಕ್ಕೆ ಕರೆದುಕೊಂಡು ಹೋಗಿದ್ದರು. ಅಜ್ಜ ಕೊಟ್ಟದ್ದು ಒಂದೇ ಏಟು. ಕಣ್ಣು ಎಂಟು ದಿನ ತೆರೆಯಲಿಲ್ಲವಂತೆ.

ನನಗೆ ನಗು ಬರಲಿಲ್ಲ, ಸಿಟ್ಟು ಬಂತು. ಅಂಗಡಿ ಮುಚ್ಚಿ ಬಂದ ಸಿಟ್ಟು, ಅಮ್ಮ ಅತ್ತ ಸಿಟ್ಟು. "ಸಾಕು ಮಾವ ನಿಮ್ಮ ವೇಷ. ನಾಲ್ಕು ದಿನದಲ್ಲಿ ಅತ್ತೆ ಬರ್ತಾರೆ. ಹೀರೋ ಆಗ್ಲಿಕ್ಕೆ ಹೋಗಿ ಎಂತ ಆದ್ರಿ ಅಂತ ಕನ್ನಡಿಯಲ್ಲಿ ನೋಡಿ. ಅವರಿಗೆ ನಿಮ್ಮ ಹಳೇ ಮುಖ ಸಾಲದಾ?"

ಮಾವ ಕೂಲಿಂಗ್ ಗ್ಲಾಸ್ ತೆಗೆದರು. ಬಾಗಿಲಿನಿಂದ ಒಳಗಿನ ಗೋಡೆಯ ಫೋಟೋ ಕಾಣುತ್ತಿತ್ತು. ಅದನ್ನೇ ನೋಡುತ್ತಾ ಒಡೆದ ನಾಲಗೆಯಲ್ಲಿ ನಿಧಾನಕ್ಕೆ ಹೇಳಿದರು.

"ಹಳೇ ಮುಖ ಇದ್ದದ್ದೇ ತೊಂದರೆ ಮಾರಾಯ್ತಿ. ಅವಳಿಗೆ ನಾನು ನಿನ್ನ ಅಜ್ಜ. ಮಾವನವರು ಬಂದ್ರು ಅಂತ ಎದ್ದು ನಿಲ್ತಾಳೆ. ನಾನು ಊಟಕ್ಕೆ ಕೂತರೆ ಬಾಗಿಲ ಹಿಂದೆ ಹೋಗ್ತಾಳೆ. 'ನಿಮ್ಮ ಮಗ ಇನ್ನೂ ಬರಲಿಲ್ಲವಾ' ಅಂತ ನನ್ನ ಹತ್ತಿರವೇ ಕೇಳ್ತಾಳೆ. ಇಲ್ಲ, ಬರ್ತಾನೆ ಅಂತ ಹೇಳ್ತೇನೆ. ನನ್ನ ಹೆಂಡತಿ ನನ್ನ ಎದುರು ಕೂತು ಆರು ತಿಂಗಳಾಯ್ತು."

ಅಪ್ಪ ಕೈಯಲ್ಲಿದ್ದ ತುಂಡನ್ನು ತಟ್ಟೆಯಲ್ಲಿಟ್ಟರು. ಅತ್ತೆ ಎದ್ದು ನಿಂತಾಗ ನಾನು ಆಡಿದ ತಮಾಷೆ, ಮಾವ ಹೊರಗೆ ಹೋಗಿ ಚಪ್ಪಲಿ ಜೋಡಿಸಿದ್ದು, ಎಲ್ಲ ಒಟ್ಟಿಗೆ ನೆನಪಾಯಿತು. ಊರಿಗೆಲ್ಲ ಮದ್ದು ಕೊಡುವ ನನಗೆ ನಾಚಿಕೆಯಾಯಿತು.

ನಾಲ್ಕು ದಿನದಲ್ಲಿ ಬಾವು ಇಳಿಯಲಿಲ್ಲ. ಅತ್ತೆ ಬರುವ ದಿನವೂ ಮಾವನ ಎಡಗಣ್ಣು ಅರ್ಧ ಮುಚ್ಚಿತ್ತು, ಸುತ್ತ ನೀಲಿ ಇನ್ನೂ ಹೋಗಿರಲಿಲ್ಲ. ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಜಗಲಿಯ ಬೆಂಚಿನಲ್ಲಿ ಕೂತಿದ್ದರು. ಎರಡು ಸಲ ಕೂಲಿಂಗ್ ಗ್ಲಾಸ್ ಹಾಕಿದರು, ಎರಡು ಸಲ ತೆಗೆದರು. ಕಾರು ಬಂತು. ಮಗಳು ಕೈಹಿಡಿದು ಅತ್ತೆಯನ್ನು ಇಳಿಸಿದಳು.

ಅತ್ತೆ ಮೆಟ್ಟಿಲು ಹತ್ತಿದವರು ಮಾವನ ಮುಖ ನೋಡಿ ನಿಂತರು. ಕೈ ಸೆರಗಿಗೆ ಹೋಯಿತು. ಮಾವ ತಲೆ ತಗ್ಗಿಸಿದರು.

"ಅಯ್ಯೋ!" ಎಂದರು ಅತ್ತೆ. "ಹೊಡೆದೇ ಬಿಟ್ರಾ?"

ಅತ್ತೆ ಒಳಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಸಿನಿಮಾ ಬೇಡ ಅಂತ ನಾನು ಆಗಲೇ ಹೇಳಿದ್ದೆ, ನೀವು ಕೇಳ್ಲಿಲ್ಲ. ಮಾವನವರು ಒಳಗೆ ಇದ್ದಾರಾ?"

ಮಾವ ತಲೆಯೆತ್ತಿ ಒಳಗಿನ ಗೋಡೆಯ ಫೋಟೋ ನೋಡಿದರು.

"ಇಲ್ಲ. ಹೊರಗೆ ಹೋಗಿದ್ದಾರೆ."

"ಯಾವಾಗ ಬರ್ತಾರೆ?"

"ಇವತ್ತು ಬರುವುದಿಲ್ಲ."

ಅತ್ತೆ ಬೆಂಚಿನಲ್ಲಿ ಮಾವನ ಪಕ್ಕಕ್ಕೆ ಕೂತರು. ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದರು. ಆಮೇಲೆ ನನ್ನನ್ನು ಅಮ್ಮನ ಹೆಸರು ಹಿಡಿದು ಕರೆದು, "ಬೇಲಿಯಿಂದ ನಾಲ್ಕು ನೆಕ್ಕಿ ಸೊಪ್ಪು ತಾ. ಬಿಸಿಮಾಡಿ ಒತ್ತಿದರೆ ಬಾವು ಇಳೀತದೆ" ಎಂದರು. ಹನ್ನೊಂದು ಡಬ್ಬಿಯ ಮನೆಯಲ್ಲಿ ಅದೊಂದು ಸೊಪ್ಪು ಯಾರಿಗೂ ನೆನಪಾಗಿರಲಿಲ್ಲ.

ನಾನು ಅಂಗಳಕ್ಕೆ ಇಳಿಯುವಾಗ ಹಿಂದಿನಿಂದ ಮಾವನ ದನಿ ಕೇಳಿತು.

"ನಿಧಾನಕ್ಕೆ ತಾ ಮಾರಾಯ್ತಿ. ಬಾವು ಇಳಿಯಲಿಕ್ಕೆ ಎಂತ ಅವಸರ ಇಲ್ಲ."