ರೇಸಿನ ಟೈರಿಗೆ ಒಲಿದ ಕಡಲೆ ರಾಶಿ

ಮಾನ್ಯ ಟೈರು ಸಲಹಾ ಯಂತ್ರದವರೇ,

ಕಂಪನಿಯ ವೆಬ್‌ಸೈಟಿನ ಬಲಮೂಲೆಯಲ್ಲಿ ಹಗಲಿರುಳೆನ್ನದೆ ಎಚ್ಚರವಾಗಿದ್ದು, ರಜೆ ಬೇಡದೆ, ಬೇಸರಪಡದೆ, ಲೋಕದ ಕಾರುಗಳಿಗೆಲ್ಲ ಟೈರು ಗೊತ್ತುಮಾಡಿಕೊಡುತ್ತಿರುವ ತಮ್ಮ ಚರಣಗಳಿಗೆ, ಚರಣಗಳು ಇಲ್ಲವಾದರೆ ಇರುವ ಯಾವುದಾದರೂ ಭಾಗಕ್ಕೆ, ವಿಜಯಪುರದ ಸುಶೀಲೇಂದ್ರ ಮಾಡುವ ಅನಂತ ನಮಸ್ಕಾರಗಳು. ನಾನು ಇಲ್ಲಿನ ಒಂದು ಸಹಕಾರಿ ಬ್ಯಾಂಕಿನ ಮ್ಯಾನೇಜರ. ಸಾಲ ಕೇಳಲು ಬಂದವರನ್ನು ಪ್ರಶ್ನೆ ಕೇಳಿ ಸುಸ್ತು ಮಾಡುವುದೇ ನನ್ನ ಉದ್ಯೋಗ. ತಾವು ನನ್ನನ್ನು ಕೇಳಿದ್ದು ನಾಲ್ಕೇ ಪ್ರಶ್ನೆ, ಅದರಲ್ಲಿಯೂ ಒಂದಕ್ಕೆ ನಾನು ಸುಳ್ಳು ಹೇಳಿದೆ. ಹೀಗಾಗಿ ಈ ದೂರು ತಮ್ಮ ಮೇಲೋ ನನ್ನ ಮೇಲೋ ಎಂಬುದು ಬರೆಯುವವನಿಗೇ ಇನ್ನೂ ತಿಳಿದಿಲ್ಲ.

ನನ್ನ ಬಳಿ ಪುಣೆಯ ಯಾರೋ ಪುಣ್ಯಾತ್ಮರು ಓಡಿಸಿ ಸಾಕಾಗಿ ಮಾರಿದ, ಎರಡೇ ಸೀಟಿನ, ಕೆಂಪು ಸ್ಪೋರ್ಟ್ಸ್ ಕಾರಿದೆ. ಅದರೊಳಗೆ ಕೂರುವುದು ಸುಲಭ, ಬಿದ್ದರಾಯಿತು. ಏಳುವಾಗ ಮಾತ್ರ ನನ್ನ ಹೊಟ್ಟೆಯ ದೆಸೆಯಿಂದ ಹೊರಗಿನವರೊಬ್ಬರು ಕೈ ಕೊಡಬೇಕಾಗುತ್ತದೆ. ಹೆಂಡತಿ ವಂದನಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹಿಂದೆ ನೆಂಟರಿಷ್ಟರು ಯಾರೂ ಇಲ್ಲದೆ, ನಾವಿಬ್ಬರೇ ಎಲ್ಲಿಗಾದರೂ ಹೋಗಬೇಕೆಂಬುದು ಮದುವೆಯಾದಂದಿನಿಂದ ನನಗಿದ್ದ ಆಸೆ. ಆದರೆ ಕಾರು ನೆಲಕ್ಕೆ ಎಷ್ಟು ಹತ್ತಿರವೆಂದರೆ, ಇಬ್ಬರೂ ಕೂತರೆ ಪ್ರತಿಯೊಂದು ರೋಡ್ ಹಂಪಿಗೂ ಅದರ ಅಡಿ ಉಜ್ಜುತ್ತದೆ. ಆದ್ದರಿಂದ ಹಂಪು ಬಂದಾಗಲೆಲ್ಲ ವಂದನಾ ಇಳಿದು, ಸೀರೆಯ ನಿರಿಗೆ ಎತ್ತಿಕೊಂಡು ನಡೆದು ದಾಟಿ, ಆಚೆ ನಿಂತು, ನಾನು ಹಗುರವಾಗಿ ದಾಟಿದ ಮೇಲೆ ಮತ್ತೆ ಹತ್ತುವುದು ನಮ್ಮ ಪದ್ಧತಿ. ಲೆಕ್ಕ ಹಾಕಿದರೆ ಅವಳು ಕಾರಿನಲ್ಲಿ ಕೂತದ್ದಕ್ಕಿಂತ ಕಾರಿನ ಮುಂದೆ ನಡೆದದ್ದೇ ಹೆಚ್ಚಾದೀತು.

ಕಾರಿನ ಹಳೆಯ ಟೈರುಗಳು ಸವೆದವು. ವೇಗಕ್ಕೆ ಸವೆದವೆಂದು ತಾವು ಭಾವಿಸಬಾರದು; ಹಂಪಿನ ಮುಂದೆ ಹೋಗಲೋ ಬೇಡವೋ ಎಂದು ಹಿಂದೆ ಮುಂದೆ ನೋಡಿಯೇ ಸವೆದವು. ಹೊಸ ಟೈರು ಹಾಕಿದರೆ ಕಾರು ಒಂದಿಷ್ಟು ಎತ್ತರವಾಗುತ್ತದೆ, ಇನ್ನು ಮೇಲೆ ನೀನು ಇಳಿಯಬೇಕಿಲ್ಲ ಎಂದು ನಾನು ವಂದನಾಳಿಗೆ ಮಾತು ಕೊಟ್ಟೆ. ಹೊನವಾಡದಲ್ಲಿರುವ ಅವಳ ತಂಗಿ ಅನುಜಾಳ ಮನೆಯಲ್ಲಿ ಕೂಸಿಗೆ ಹೆಸರಿಡುವ ಕಾರ್ಯಕ್ರಮವಿತ್ತು. "ನನ್ನ ಒಮ್ಮೆನೂ ಕೆಳಗ ಇಳಸದ ಹೊನವಾಡ ಮುಟ್ಟಸ್ರಿ, ಗಾಡಿ ಇಟ್ಕೊಳ್ರಿ. ಇಳಸಿದ್ರ ಬಬಲೇಶ್ವರದವ್ರಿಗೆ ಕೊಟ್ಟುಬಿಡೋಣು," ಎಂದು ಅವಳು ಶರತ್ತು ಹಾಕಿದಳು. ಬಬಲೇಶ್ವರದವರೆಂದರೆ ಸತೀಶಕುಮಾರ ಎಂಬವರು. ಮದುವೆಯ ಮೆರವಣಿಗೆಗೆ ವಾಹನ ಬಾಡಿಗೆ ಕೊಡುವ ಅವರು, ನನ್ನ ಕಾರಿಗೆ ಸೇವಂತಿಗೆ ಹೂವು ಎಲ್ಲೆಲ್ಲಿ ಕಟ್ಟಬಹುದೆಂದು ಆಗಲೇ ಒಂದು ಸುತ್ತು ನೋಡಿಹೋಗಿದ್ದರು.

ಇಂಥ ಸಂಕಟದಲ್ಲಿ ನಾನು ತಮ್ಮ ಮೊರೆಹೊಕ್ಕೆ. "ನಿಮ್ಮ ಚಾಲನೆಯ ಶೈಲಿ ಯಾವುದು?" ಎಂದು ತಾವು ಕೇಳಿ, ಆರಾಮ, ಸ್ಪೋರ್ಟ್, ಟ್ರ್ಯಾಕ್ ಎಂದು ಮೂರು ಉತ್ತರ ಮುಂದಿಟ್ಟಿರಿ. ನನ್ನ ಬೆರಳು ಆರಾಮದ ಮೇಲೆಯೇ ಇತ್ತು. ಎತ್ತಿನ ಬಂಡಿಗೆ ದಾರಿ ಬಿಟ್ಟು ಅದರ ಹಿಂದೆಯೇ ಊರು ಸೇರಿದ ಮನುಷ್ಯ ನಾನು. ಆದರೂ ಯಾರೂ ನೋಡದ ಆ ಹೊತ್ತಿನಲ್ಲಿ, ತಮ್ಮೊಬ್ಬರ ಮುಂದೆಯೇ ನನಗೆ ನಾಚಿಕೆಯಾಗಿ, ರೇಸಿನವರಿಗೆಂದು ಇಟ್ಟಿದ್ದ ಟ್ರ್ಯಾಕ್ ಒತ್ತಿದೆ. ತಾವು ಒಂದು ಕ್ಷಣವೂ ಅನುಮಾನಿಸದೆ ನಂಬಿದಿರಿ. ನನ್ನ ಇಡೀ ಬದುಕಿನಲ್ಲಿ ನನ್ನನ್ನು ಹಾಗೆ ನಂಬಿದವರು ಬೇರೆ ಯಾರೂ ಇಲ್ಲ, ಅದಕ್ಕಾಗಿ ನಾನು ತಮಗೆ ಋಣಿ.

ತಾವು ಸೂಚಿಸಿದ ಟೈರುಗಳು ಬಂದವು. ಗಾಂಧಿ ಚೌಕದ ಹತ್ತಿರ ಅಂಗಡಿ ಇಟ್ಟಿರುವ ಕುತುಬುದ್ದೀನರು ಒಂದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿ, "ಸಾಹೇಬ್ರ, ಇದರಾಗ ರಬ್ಬರ್ ಎಲ್ಲೈತ್ರಿ?" ಎಂದು ಕೇಳಿದರು. ರೇಸಿನ ಟೈರುಗಳು ಇರುವುದೇ ಹೀಗೆ, ಅಗಲ ಹೆಚ್ಚು, ದಪ್ಪ ಕಡಿಮೆ, ಮೈಯೆಲ್ಲ ನುಣುಪು ಎಂದು ನಾನು ಅವರಿಗೆ ತಮ್ಮ ಪರವಾಗಿ ಉಪನ್ಯಾಸ ಕೊಟ್ಟೆ. ಹಾಕಿಸಿ ಕೆಳಗಿಳಿಸಿದಾಗ ಕಾರು ಮೊದಲಿಗಿಂತ ಬೆರಳಷ್ಟು ತಗ್ಗಿಗೆ ಹೋಗಿತ್ತು. ಅದನ್ನು ನಾನು ಕಂಡೆ, ಆದರೆ ಕಂಡೆನೆಂದು ಮನೆಯಲ್ಲಿ ಹೇಳಲಿಲ್ಲ.

ಕಾರ್ಯಕ್ರಮದ ದಿನ ವಂದನಾ ಇಳಕಲ್ ಸೀರೆ ಉಟ್ಟು ಕೂತಳು. ಟಿಕೋಟಾದ ಮೊದಲ ಹಂಪಿಗೇ ಇಳಿದಳು. ನಿರಿಗೆ ಎತ್ತಿಕೊಂಡು ದಾಟಿ, ಪದ್ಧತಿಯಂತೆ ಆಚೆ ನಿಂತಳು. ಊರು ದಾಟಿ ಮುಂದೆ ಬಂದರೆ, ಸುಗ್ಗಿಯ ಕಾಲವಾದ್ದರಿಂದ, ಹೋಗಿ ಬರುವ ಗಾಡಿಗಳ ಗಾಲಿಗೆ ಸಿಕ್ಕು ಕಾಳು ಉದುರಲೆಂದು ರಸ್ತೆಯ ತುಂಬ ಕಡಲೆ ಗಿಡ ಹರವಿದ್ದರು. ಬಸ್ಸು, ಜೀಪು, ಟ್ರಾಕ್ಟರುಗಳೆಲ್ಲ ಲೋಕರೂಢಿಯಂತೆ ತುಳಿದು ಹೋಗುವ ಆ ರಾಶಿಯ ನಡುವೆ ನನ್ನ ಕಾರು ಮಾತ್ರ ಹೊಟ್ಟೆಯ ಕೆಳಗೆ ಹೊಟ್ಟು ತುಂಬಿಕೊಂಡು, ಕಾವಿಗೆ ಕೂತ ಕೋಳಿಯ ಹಾಗೆ ಕೂತುಬಿಟ್ಟಿತು.

ರಾಶಿಯ ಒಡತಿ ಅಕ್ಕನಾಗಮ್ಮ ಕೈಯಲ್ಲಿ ಕೋಲು ಹಿಡಿದು ಬಂದರು. ಬೈಗುಳಕ್ಕೆ ನಾನು ತಲೆ ತಗ್ಗಿಸಿ ಸಿದ್ಧನಾಗಿದ್ದೆ. ಅವರು ಅಡಿಯ ಹೊಟ್ಟನ್ನೆಲ್ಲ ಎಳೆದು ಹಾಕಿ, ಟೈರಿನ ಕೆಳಗಿನ ಕಾಳನ್ನು ಅಂಗೈಗೆ ತೆಗೆದುಕೊಂಡು ನೋಡಿ, "ಯಪ್ಪಾ, ನಿನ್ನ ಗಾಲಿ ಭಾಳ ಚಲೋ ಅದಾವ. ಲಾರಿ ಹಾದ್ರ ಕಡ್ಲಿ ಬ್ಯಾಳಿ ಆಗಿ ಹೊಕ್ಕಾವ. ಇಲ್ಲಿ ನೋಡು, ಒಂದೂ ಒಡದಿಲ್ಲ. ನಾ ತೆಳ್ಳಗ ಹರವತೇನಿ, ಇನ್ನೊಂದೀಟು ಹಿಂದ ಮುಂದ ಹೊಡಿ," ಎಂದರು. ಅಷ್ಟರಲ್ಲಿ ಹೊನವಾಡದ ಬಸ್ಸು ಬಂತು. "ನಾ ಇದಕ್ಕ ಹೋಗ್ತೀನ್ರಿ, ನೀವು ರಾಶಿ ಮುಗಿಸ್ಕೊಂಡು ಬರ್ರಿ," ಎಂದು ವಂದನಾ ಹತ್ತಿ ಹೋದಳು. ಹೀಗೆ ತಾವು ಹೇಳಿದ ಟ್ರ್ಯಾಕು ಕೊನೆಗೂ ನನಗೆ ದೊರೆಯಿತು; ಬಿಸಿಲು ಏರುವವರೆಗೆ ನಾನು ಅದರ ಮೇಲೆ ಸುತ್ತು ಹೊಡೆದೆ. ಹೊನವಾಡ ತಲುಪುವಷ್ಟರಲ್ಲಿ ಕೂಸಿಗೆ ಹೆಸರಿಟ್ಟಾಗಿತ್ತು.

ಸಂಜೆ ಹಿಂದಿರುಗುವಾಗ ಅಕ್ಕನಾಗಮ್ಮ ಕಾರು ನಿಲ್ಲಿಸಿ, ಬೇಡವೆಂದರೂ ಕೇಳದೆ, ನನ್ನ ಪಾಲಿನದೆಂದು ಒಂದು ಚೀಲ ಕಡಲೆ ತಂದರು. ಎರಡೇ ಸೀಟಿನ ಕಾರಿನಲ್ಲಿ ಚೀಲಕ್ಕೆ ಜಾಗವೆಲ್ಲಿ? ವಂದನಾ ಇಳಿದು ಮತ್ತೆ ಬಸ್ಸಿಗೆ ಕೈ ಮಾಡಿದಳು. ಬೆಲ್ಟು ಹಾಕದಿದ್ದರೆ ಕಾರು ಕೂಗಿಕೊಳ್ಳುವುದರಿಂದ ಚೀಲಕ್ಕೆ ಬೆಲ್ಟು ಬಿಗಿದು, ನನ್ನ ಎಷ್ಟೋ ವರ್ಷದ ಆಸೆಯ ಜಾಗದಲ್ಲಿ ಕಡಲೆಯನ್ನು ಕೂರಿಸಿಕೊಂಡು ನಾನು ವಿಜಯಪುರಕ್ಕೆ ಬಂದೆ. ದಾರಿಯುದ್ದಕ್ಕೂ ನನಗೆ ಅಳು ಬಂದಂತಾಗಿತ್ತು.

ಆದ್ದರಿಂದ ಮಾನ್ಯರೇ, ರಸ್ತೆ, ಮಳೆ, ವೇಗ ಇವನ್ನೆಲ್ಲ ವಿಚಾರಿಸುವ ತಾವು, ಪಕ್ಕದಲ್ಲಿ ಯಾರು ಕೂರುತ್ತಾರೆ ಎಂಬ ಐದನೆಯ ಪ್ರಶ್ನೆಯನ್ನೂ ಸೇರಿಸಿಕೊಳ್ಳಬೇಕೆಂದೂ, ಹಂಪಿನ ಮೇಲೆ ತಾನಾಗಿ ಉಬ್ಬಿ ಆಮೇಲೆ ಇಳಿಯುವ, ಬಿಡುವಿದ್ದಾಗ ಕಡಲೆ ತುಳಿಯುವ, ಯಜಮಾನ ಸುಳ್ಳು ಹೇಳಿದರೆ ಗಾಲಿಗೆ ಕೂರಲು ಒಪ್ಪದ ಟೈರೊಂದನ್ನು, ಭಾನುವಾರ ಸತೀಶಕುಮಾರರು ಕಾರು ಒಯ್ಯಲು ಹೂವಿನೊಂದಿಗೆ ಬರುವ ಮೊದಲೇ ಕಳಿಸಿಕೊಡಬೇಕೆಂದೂ ವಿನಂತಿಸುತ್ತೇನೆ.

ತಾವು ನಂಬಿದ ರೇಸುಗಾರ, ಅಂದರೆ ಆರಾಮದವನೇ ಆದ,
ತಮ್ಮ ವಿಶ್ವಾಸಿ,
ಸುಶೀಲೇಂದ್ರ

ತಾ.ಕ.: ತಮ್ಮ ಸಲಹೆಗೆ ಎಷ್ಟು ನಕ್ಷತ್ರ ಕೊಡುವಿರೆಂದು ತಾವು ದಿನವೂ ಕೇಳುತ್ತಿದ್ದೀರಿ. ನಕ್ಷತ್ರಗಳನ್ನು ಅಕ್ಕನಾಗಮ್ಮನಿಗೆ ಕೊಟ್ಟಿದ್ದೇನೆ, ತಮಗೆ ಬೇಕಾದರೆ ಒಂದು ಹಿಡಿ ಕಡಲೆ ಕಳಿಸಬಹುದು. ಟೈರು ಕಳಿಸುವ ಅವಸರವೂ ಈಗಿಲ್ಲ. ಈ ಪತ್ರವನ್ನು ನನ್ನ ಹೆಗಲ ಮೇಲಿಂದ ಓದಿದ ವಂದನಾ, ಸತೀಶಕುಮಾರರಿಗೆ ಫೋನು ಮಾಡಿ ಬರಬೇಡಿರೆಂದು ಹೇಳಿ, ನನ್ನ ಕಡೆ ತಿರುಗಿ ಅಂದದ್ದನ್ನು ತಮ್ಮ ತಿಳಿವಳಿಕೆಗಾಗಿ ಹಾಗೆಯೇ ಬರೆಯುತ್ತಿದ್ದೇನೆ: "ಟೈರು ಯಾವುದರೆ ಇರ್ಲಿ. ಮುಂದಿನ ಸರ್ತಿ ಚೀಲಾ ಬಸ್ಸಿಗೆ ಹಾಕ್ರಿ, ನಾ ಗಾಡ್ಯಾಗ ಬರ್ತೀನಿ."